ವಿಳಾಸ ನಮ್ಮದು, ಅಂಚೆ ಯಾರದ್ದಾದರೂ ಸರಿ

ಮೈಸೂರಿನಿಂದ ಬಂಟ್ವಾಳಕ್ಕೆ ಹೋಗುವ ಹೆದ್ದಾರಿಯಲ್ಲಿ, ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಬಸ್ಸಿನಲ್ಲಿ ಕೂತಾಗ, ರಸ್ತೆ ಬದಿಯ ಬೋರ್ಡುಗಳನ್ನು ಓದುತ್ತಾ ಹೋಗುವುದು ನನಗೆ ಹಳೆಯ ಅಭ್ಯಾಸ. ಮರದ ಮಿಲ್ಲು, ಗೊಬ್ಬರದ ಅಂಗಡಿ, ಸಸಿ ನರ್ಸರಿ, ಕಲ್ಯಾಣ ಮಂಟಪ. ಮೇಲೆ ದೊಡ್ಡ ಅಕ್ಷರದಲ್ಲಿ ಮನೆದೇವರ ಹೆಸರು, ಕೆಳಗೆ ಮಾಲೀಕರ ಹೆಸರು, ಮೊಬೈಲ್ ನಂಬರು, ಕಟ್ಟಕಡೆಯ ಸಾಲಿನಲ್ಲಿ ಇಮೇಲ್. ಆ ಕೊನೆಯ ಸಾಲು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಥರ: ಮನೆದೇವರ ಹೆಸರು, ಅದಕ್ಕೆ ಅಂಟಿಕೊಂಡು ಎರಡೋ ಮೂರೋ ಅಂಕಿ, ಆಮೇಲೆ ‘ಅಟ್ ಜಿಮೇಲ್ ಡಾಟ್ ಕಾಮ್’. ಆ ಅಂಕಿ ಯಾಕೆ ಬಂತು ಅಂದರೆ, ಬರಿಯ ದೇವರ ಹೆಸರನ್ನು ಎಲ್ಲೋ ಯಾರೋ ಮೊದಲೇ ತೆಗೆದುಕೊಂಡಿದ್ದಾರೆ.

ಅಂಗಡಿ ನಮ್ಮದು, ಬೋರ್ಡು ನಮ್ಮದು, ಬ್ಯಾಂಕಿನ ಸಾಲವೂ ನಮ್ಮದೇ. ವಿಳಾಸ ಮಾತ್ರ ಬೇರೆಯವರ ಜಾಗದಲ್ಲಿದೆ. ಈ ಅಧ್ಯಾಯ ಪೂರ್ತಿ ಆ ಕೊನೆಯ ಸಾಲಿನ ಬಗ್ಗೆ.

ಇಮೇಲ್ ವಿಳಾಸವನ್ನು ಓದುವ ಕ್ರಮ ನಮಗೆ ಹೊಸದೇನೂ ಅಲ್ಲ. ಪತ್ರದ ಮೇಲೆ ಬರೆಯುವಾಗ ಹೆಸರು, ಬೀದಿ, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಅಂಚೆಯವರು ಅದನ್ನು ಕೊನೆಯಿಂದ ಓದುತ್ತಾರೆ. 571105 ಕಂಡರೆ ಹುಣಸೂರಿನ ಚೀಲಕ್ಕೆ, 571107 ಆದರೆ ಪಿರಿಯಾಪಟ್ಟಣಕ್ಕೆ, 571114 ಆದರೆ ಎಚ್.ಡಿ. ಕೋಟೆಗೆ, 571602 ಆದರೆ ಕೆ.ಆರ್. ನಗರಕ್ಕೆ, ಬೀದಿ, ಮನೆ ಎಲ್ಲ ಆಮೇಲೆ. ಇಮೇಲೂ ಹಾಗೇ. ‘ಲೆಕ್ಕ@ನಮ್ಮಗಿರಣಿ.ಇನ್’ ಅಂತ ಒಂದು ವಿಳಾಸ ಇದೆ ಎಂದುಕೊಳ್ಳಿ. ಯಂತ್ರ ಅದನ್ನು ಬಲಗಡೆಯಿಂದ ಓದುತ್ತದೆ. ‘.ಇನ್’ ಅಂದರೆ ಭಾರತದ ಹೆಸರುಗಳ ಪುಸ್ತಕ. ಅದರಲ್ಲಿ ‘ನಮ್ಮಗಿರಣಿ’ ಎಂಬ ಪುಟ. ಆ ಪುಟದಲ್ಲಿ, ಈ ಹೆಸರಿಗೆ ಬಂದ ಟಪಾಲನ್ನು ಎಲ್ಲಿ ಕೊಡಬೇಕು ಎಂಬ ಸೂಚನೆ. ‘@’ ಗುರುತಿನ ಎಡಕ್ಕಿರುವ ‘ಲೆಕ್ಕ’ವನ್ನು ನೋಡುವವರು ಕೊನೆಗೆ ಟಪಾಲು ಪೆಟ್ಟಿಗೆ ಇಟ್ಟುಕೊಂಡವರು ಮಾತ್ರ.

ಆ ‘@’ ಗುರುತನ್ನು ವಿಳಾಸದ ನಡುವೆ ತಂದು ಕೂರಿಸಿದವರು ಅಮೆರಿಕದ ಇಂಜಿನಿಯರ್ ರೇ ಟಾಮ್ಲಿನ್‌ಸನ್, 1971ರಲ್ಲಿ. ಆಗ ಜಾಲದಲ್ಲಿದ್ದ ಕಂಪ್ಯೂಟರುಗಳು ಬೆರಳೆಣಿಕೆಯಷ್ಟು. ಮುಂದೆ ಸಂಖ್ಯೆ ಬೆಳೆದಂತೆ ಎಲ್ಲ ಯಂತ್ರಗಳ ಹೆಸರೂ ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆ ಇಟ್ಟುಕೊಂಡಿದ್ದ ಒಂದೇ ಕಡತದಲ್ಲಿ ಇರುತ್ತಿದ್ದವು. ಊರಿಗೆಲ್ಲ ಒಬ್ಬರೇ ಶ್ಯಾನುಭೋಗರು ಇದ್ದ ಹಾಗೆ. ಆ ಒಂದೇ ಕಡತದಿಂದ ಕೆಲಸ ಸಾಗದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಹೆಸರುಗಳ ಲೆಕ್ಕವನ್ನು ಹಂಚಿ ಇಡುವ ಏರ್ಪಾಟು ರೂಪಿಸಿದರು. ಅದೇ ಡಿಎನ್‌ಎಸ್. ನಮಗೆ ಇನ್ನೂ ಮುಖ್ಯವಾದ ಹೆಜ್ಜೆ 1986ರದ್ದು. ಆ ವರ್ಷ ಕ್ರೇಗ್ ಪಾರ್ಟ್ರಿಜ್ ಬರೆದ ನಿಯಮದ ಪ್ರಕಾರ, ಒಂದು ಹೆಸರಿನ ಟಪಾಲು ಯಾವ ಯಂತ್ರಕ್ಕೆ ಹೋಗಬೇಕು ಎಂಬುದನ್ನು ಆ ಹೆಸರಿನ ಪುಟದಲ್ಲೇ ಬೇರೆಯಾಗಿ ಬರೆದಿಡಬಹುದಾಯಿತು. ಅದರ ಹೆಸರು ಎಂಎಕ್ಸ್ ದಾಖಲೆ. ಅಲ್ಲಿಂದಾಚೆಗೆ ವಿಳಾಸವೇ ಬೇರೆ, ಟಪಾಲು ಹೊರುವವರೇ ಬೇರೆ. ಹೊರುವವರನ್ನು ಬದಲಿಸಿದರೂ ವಿಳಾಸ ಬದಲಾಗಬೇಕಿಲ್ಲ.

ಇದು ಎಂಥ ಅನುಕೂಲ ಅನ್ನುವುದು ಕೆ.ಆರ್. ನಗರದವರಿಗೆ ಬೇಗ ಅರ್ಥವಾಗುತ್ತದೆ. ಕಾವೇರಿ ಪ್ರವಾಹಕ್ಕೆ ಸಿಕ್ಕಿದ ಎಡತೊರೆಯ ಜನಕ್ಕೆ ಎತ್ತರದ ಜಾಗದಲ್ಲಿ ಹೊಸ ಪಟ್ಟಣ ಕಟ್ಟಿದಾಗ ಊರಿನ ಜೊತೆ ಹೆಸರೂ ಬದಲಾಗಿ, ಆಗಿನ ಮಹಾರಾಜರಾದ ನಾಲ್ವಡಿಯವರ ಹೆಸರಿನಲ್ಲಿ ಕೃಷ್ಣರಾಜನಗರವಾಯಿತು. ನೆಲ ಬಿಟ್ಟವರು ಹೆಸರನ್ನೂ ಬಿಡಬೇಕಾಯಿತು. ‘@’ ಗುರುತಿನ ಬಲಕ್ಕೆ ಸ್ವಂತ ಹೆಸರು, ಅಂದರೆ ಡೊಮೇನ್, ಇದ್ದವರಿಗೆ ಹಾಗಾಗುವುದಿಲ್ಲ. ಮನೆ ಎತ್ತಿ ಬೇರೆಡೆ ಇಟ್ಟರೂ ಹೆಸರು ಜೊತೆಗೇ ಬರುತ್ತದೆ.

ಪಹಣಿಯಲ್ಲಿ ಯಾರ ಹೆಸರು

ಉಚಿತ ಇಮೇಲಿನ ಕಥೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಅವರ ಜೊತೆಗಾರ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದರು. ಮರುವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 2004ರ ಏಪ್ರಿಲ್ 1ರಂದು ಜಿಮೇಲ್ ಬಂತು, ಒಂದು ಗಿಗಾಬೈಟ್ ಜಾಗ ಕೊಟ್ಟಿತು; ಆಗಿನ ಲೆಕ್ಕಕ್ಕೆ ಅದು ನಂಬಲಾಗದಷ್ಟು. ಈ ಸೇವೆಗಳಿಂದ ನಮಗೆ ಆದ ಉಪಕಾರ ದೊಡ್ಡದು. ಹಳ್ಳಿಯ ಹುಡುಗಿ ಒಂದು ಪೈಸೆ ಖರ್ಚಿಲ್ಲದೆ ಜಗತ್ತಿನ ಯಾವ ಮೂಲೆಗಾದರೂ ಅರ್ಜಿ ಕಳಿಸುವಂತಾದದ್ದು ಇವುಗಳಿಂದ. ನನ್ನ ತಕರಾರು ಸೇವೆಯ ಮೇಲಲ್ಲ, ಹಕ್ಕಿನ ವಿಷಯದಲ್ಲಿ.

ನಾವು ಜಮೀನು ನೋಡಲು ಹೋದರೆ ಮೊದಲು ಕೇಳುವುದು ‘ಪಹಣಿ ಯಾರ ಹೆಸರಲ್ಲಿದೆ’ ಅಂತ. ಬೆಳೆ ಎಷ್ಟೇ ಚೆನ್ನಾಗಿರಲಿ, ಕಾಲಂನಲ್ಲಿ ಹೆಸರಿಲ್ಲದಿದ್ದರೆ ಆ ಬೆಳೆ ನೆಚ್ಚಿಕೊಂಡು ಸಾಲ ಸಿಗುವುದಿಲ್ಲ. ಉಚಿತ ಇಮೇಲಿನಲ್ಲಿ ನಮ್ಮ ಸ್ಥಿತಿ ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡವರದು. ಅವರು ಒಳ್ಳೆಯವರಾಗಿದ್ದಷ್ಟು ದಿನ ಯಾವ ತೊಂದರೆಯೂ ಇಲ್ಲ. ಆದರೆ 2013ರಲ್ಲಿ ಇಂಡಿಯಾಟೈಮ್ಸ್ ತನ್ನ ಇಮೇಲ್ ಸೇವೆಯನ್ನೇ ಮುಚ್ಚಿತು. ಅದೇ ವಿಳಾಸವನ್ನು ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಿದ್ದವರು ಹೊಸದನ್ನು ಹುಡುಕಬೇಕಾಯಿತು. ಅದೇ ವರ್ಷ ಯಾಹೂ, ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸದೆ ಬಿಟ್ಟ ಹೆಸರುಗಳನ್ನು ವಾಪಸ್ ಪಡೆದು ಕೇಳಿದವರಿಗೆ ಕೊಡುವುದಾಗಿ ಪ್ರಕಟಿಸಿತು. ಅಂದರೆ ನಿನ್ನೆಯವರೆಗೆ ನಮ್ಮದಾಗಿದ್ದ ವಿಳಾಸಕ್ಕೆ ಬರುವ ಕಾಗದ ನಾಳೆ ಬೇರೆ ಯಾರ ಕೈಗೋ ಹೋಗಬಹುದು. ಗೂಗಲ್ ಈಗ ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುತ್ತದೆ. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ.

ಇನ್ನೊಂದು ಉದಾಹರಣೆ ನೋಡಿ. ಗೂಗಲ್ 2006ರಿಂದ ಸ್ವಂತ ಡೊಮೇನ್ ಇದ್ದವರಿಗೂ ಇಮೇಲ್ ಸೇವೆಯನ್ನು ಪುಕ್ಕಟೆ ಕೊಡುತ್ತಿತ್ತು. 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಅದನ್ನು ನಿಲ್ಲಿಸಿತು. 2022ರಲ್ಲಿ ಹಳಬರೂ ದುಡ್ಡು ಕೊಡಬೇಕೆಂದಿತು, ಆಮೇಲೆ ಮನೆ ಬಳಕೆಯವರಿಗೆ ವಿನಾಯಿತಿ ಕೊಟ್ಟಿತು. ಆಗ ದುಡ್ಡು ಕೊಡಲು ಒಪ್ಪದ ವ್ಯಾಪಾರಸ್ಥರು ಏನು ಮಾಡಿದರು? ಎಂಎಕ್ಸ್ ದಾಖಲೆಯ ಒಂದೆರಡು ಸಾಲು ಬದಲಿಸಿ ಬೇರೆ ಕಂಪನಿಗೆ ಹೋದರು. ಅವರ ಗ್ರಾಹಕರಿಗೆ ಏನೂ ತಿಳಿಯಲಿಲ್ಲ, ಯಾಕೆಂದರೆ ವಿಳಾಸದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ನಮ್ಮ ದೇಶದಲ್ಲಿ ಇದರ ಅತಿ ದೊಡ್ಡ ನಿದರ್ಶನ ಇತ್ತೀಚಿನದು. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಖಾತೆಗಳು ಸರ್ಕಾರದ್ದೇ ಸಂಸ್ಥೆಯಾದ ಎನ್‌ಐಸಿಯ ಯಂತ್ರಗಳಿಂದ ಚೆನ್ನೈ ಮೂಲದ ಜೋಹೋ ಕಂಪನಿಯ ವ್ಯವಸ್ಥೆಗೆ ಹೋದ ಸುದ್ದಿ 2025ರಲ್ಲಿ ಬಂತು. ಅಷ್ಟು ದೊಡ್ಡ ಸ್ಥಳಾಂತರವಾದರೂ ನೌಕರರ ವಿಳಾಸದ ಬಾಲ ‘ಜಿಒವಿ.ಇನ್’, ‘ಎನ್‌ಐಸಿ.ಇನ್’ ಆಗಿಯೇ ಉಳಿಯಿತು. ಕಚೇರಿಗೆ ಕಾಗದ ಬರೆಯುವ ರೈತ ತನ್ನ ಡೈರಿಯಲ್ಲಿ ಏನನ್ನೂ ತಿದ್ದಬೇಕಾಗಲಿಲ್ಲ. ಸರ್ಕಾರಕ್ಕೆ ಸಾಧ್ಯವಾದದ್ದು ಸಣ್ಣ ಖರ್ಚಿನಲ್ಲಿ ಒಂದು ಗಿರಣಿಗೂ ಸಾಧ್ಯ.

ಗಿರಣಿಯ ಭಾನುವಾರ

ಆ ಗಿರಣಿ ಕೆ.ಆರ್. ನಗರದ್ದು. ಹೆಸರು ಬೇಡ. ನಾನು ಕಂಪ್ಯೂಟರ್ ಪಾಠ ಹೇಳುವವನು ಅಂತ ಗೊತ್ತಿದ್ದ ಯಜಮಾನರು ಒಂದು ದಿನ ಫೋನ್ ಮಾಡಿದರು.

‘ಮೇಷ್ಟ್ರೇ, ನಮ್ ಮೇಲು ತೆಗೀತಾನೇ ಇಲ್ಲ. ಜಿಎಸ್‌ಟಿಯವ್ರು ಏನೋ ಕಾಗ್ದ ಕಳ್ಸವ್ರಂತೆ, ಆಡಿಟರು ಬೈತಾವ್ರೆ.’

ಹೋಗಿ ನೋಡಿದೆ. ಹಲವು ವರ್ಷಗಳ ಹಿಂದೆ ಊರಿನ ಒಂದು ಸೈಬರ್ ಸೆಂಟರಿನ ಹುಡುಗ ಆ ಖಾತೆ ತೆರೆದುಕೊಟ್ಟಿದ್ದ. ಅವಸರದಲ್ಲಿ ತನ್ನದೇ ಮೊಬೈಲ್ ನಂಬರನ್ನು ಅದಕ್ಕೆ ಸೇರಿಸಿದ್ದ. ದುರುದ್ದೇಶವೇನೂ ಇರಲಿಲ್ಲ, ಓಟಿಪಿ ಬೇಗ ಬರಲಿ ಎಂದಷ್ಟೇ. ಈಗ ಪಾಸ್‌ವರ್ಡ್ ಮರೆತಿತ್ತು. ಕಂಪನಿ ಓಟಿಪಿಯನ್ನು ಆ ಹಳೆಯ ನಂಬರಿಗೇ ಕಳಿಸುತ್ತಿತ್ತು.

‘ಆ ಹುಡ್ಗ ಬೆಂಗಳೂರು ಸೇರ್ಕಂಡವ್ನೆ. ನಂಬ್ರೂ ಬದ್ಲಾಯ್ಸವ್ನೆ. ಎಲ್ಲಿ ಅಂತ ಹುಡುಕೋದು ಹೇಳಿ’ ಅಂದರು ಯಜಮಾನರು.

ಹನ್ನೊಂದು ದಿನ ಅಲೆದಾಡಿ, ನೆಂಟರ ಮೂಲಕ ಹುಡುಗನನ್ನು ಹಿಡಿದು, ಹಳೆಯ ಸಿಮ್ಮು ಅವನ ತಂಗಿಯ ಫೋನಿನಲ್ಲಿದೆ ಎಂದು ತಿಳಿದು, ಕೊನೆಗೆ ಖಾತೆ ತೆರೆಯಿತು. ಸಿಮ್ಮು ಸಿಗದಿದ್ದರೆ ಅದು ಮುಚ್ಚಿದಂತೆಯೇ ಇರುತ್ತಿತ್ತು. ಹೋಗಿ ಕದ ತಟ್ಟಲು ಊರಿನಲ್ಲಿ ಆ ಕಂಪನಿಯ ಕಚೇರಿ ಇಲ್ಲ. ಅವತ್ತೇ ಯಜಮಾನರ ಮಗಳು, ಬಿ.ಕಾಂ. ಮುಗಿಸಿ ಲೆಕ್ಕ ನೋಡಿಕೊಳ್ಳುತ್ತಿದ್ದವಳು, ‘ಸಾರ್, ನಮ್ದೇ ಅಂತ ಒಂದು ಮಾಡ್ಕೊಳ್ಳಕ್ಕೆ ಆಗಲ್ವಾ?’ ಅಂತ ಕೇಳಿದಳು.

ಭಾನುವಾರ ಸಂಜೆ ಮಾಡೋಣ ಅಂದೆ, ಆ ಹೊತ್ತಿಗೆ ವ್ಯಾಪಾರದ ಟಪಾಲು ಕಡಿಮೆ. ಹೆಸರನ್ನು ಹಿಂದಿನ ವಾರವೇ ಕೊಂಡಾಗಿತ್ತು. ‘.ಇನ್’ ಹೆಸರುಗಳ ಪುಸ್ತಕ ಇರುವುದು ನಿಕ್ಸಿ ಎಂಬ ಸಂಸ್ಥೆಯ ಬಳಿ. ನಾವು ಕೊಳ್ಳುವುದು ಅದರ ಒಪ್ಪಿಗೆ ಪಡೆದ ರಿಜಿಸ್ಟ್ರಾರ್ ಕಂಪನಿಗಳ ಮೂಲಕ. ನೋಂದಣಿ ಮಾಡುವಾಗ ಒಂದೇ ವಿಷಯದಲ್ಲಿ ನಾನು ಹಟ ಹಿಡಿದೆ: ಮಾಲೀಕರು ಎಂಬ ಜಾಗದಲ್ಲಿ ಯಜಮಾನರದೇ ಹೆಸರು, ಅವರದೇ ಮೊಬೈಲ್. ವೆಬ್‌ಸೈಟ್ ಮಾಡಿಕೊಡುವವರು, ಆಡಿಟರು, ಅಳಿಯ, ನನ್ನಂಥ ಮೇಷ್ಟ್ರು ಯಾರೂ ಅಲ್ಲಿ ಬರಕೂಡದು. ಸೈಬರ್ ಸೆಂಟರಿನ ತಪ್ಪನ್ನು ಇನ್ನೊಂದು ಜಾಗದಲ್ಲಿ ಮಾಡಿದರೆ ಇಷ್ಟು ಕಷ್ಟಪಟ್ಟದ್ದು ವ್ಯರ್ಥ.

ಇಮೇಲ್ ಪೆಟ್ಟಿಗೆಗೆ ಒಂದು ಕಂಪನಿಯನ್ನು ಆರಿಸಿಕೊಂಡೆವು. ಜನಕ್ಕೊಂದರಂತೆ ತಿಂಗಳ ಬಾಡಿಗೆ. ಯಜಮಾನರು ನಾಲ್ಕು ಪೆಟ್ಟಿಗೆ ಬೇಕೇನೋ ಎಂದುಕೊಂಡಿದ್ದರು, ಬೇಕಾದದ್ದು ಒಂದೇ. ಮಾರಾಟಕ್ಕೆ ಒಂದು, ಲೆಕ್ಕಕ್ಕೆ ಒಂದು, ಲಾರಿಯವರಿಗೆ ಒಂದು ಅಂತ ಬೇರೆ ಬೇರೆ ಹೆಸರಿಟ್ಟು ಎಲ್ಲವೂ ಒಂದೇ ಪೆಟ್ಟಿಗೆಗೆ ಬೀಳುವಂತೆ ಮಾಡಬಹುದು. ಇದಕ್ಕೆ ಹೆಚ್ಚಿನ ಬಾಡಿಗೆ ಕೊಡಬೇಕಾಗಿಲ್ಲ.

ಆಮೇಲೆ ಆ ಎಂಎಕ್ಸ್ ಸಾಲುಗಳು. ರಿಜಿಸ್ಟ್ರಾರ್ ಪುಟದಲ್ಲಿ ಡಿಎನ್‌ಎಸ್ ಎಂಬ ಜಾಗಕ್ಕೆ ಹೋಗಿ, ಇಮೇಲ್ ಕಂಪನಿ ಕೊಟ್ಟ ಎರಡು ಹೆಸರುಗಳನ್ನು ಹುಡುಗಿ ತುಂಬಿದಳು. ಒಂದರ ಪಕ್ಕ 10, ಇನ್ನೊಂದರ ಪಕ್ಕ 20. ಅಂಕಿ ಚಿಕ್ಕದಿದ್ದವರಿಗೆ ಮೊದಲು ಟಪಾಲು. ಅವರು ಸಿಗದಿದ್ದರೆ ದೊಡ್ಡ ಅಂಕಿಯವರಿಗೆ. ನನ್ನ ಫೋನಿನಿಂದ ಪರೀಕ್ಷೆಗೆ ಒಂದು ಮೇಲ್ ಕಳಿಸಿದೆ. ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಯಜಮಾನರು ಟೀ ತರಿಸಿದರು. ಹೊರಗೆ ಹಮಾಲರು ಮೂಟೆ ಎತ್ತುವ ಸದ್ದು. ಇನ್ನೊಂದು ಕಳಿಸಿದೆ, ಅದೂ ಇಲ್ಲ. ಪುಟವನ್ನು ಮೇಲಿನಿಂದ ಕೆಳಗೆ ಮತ್ತೆ ಓದಿದಾಗ ಕಂಡಿತು: ಹೆಸರು ಕೊಂಡಾಗ ರಿಜಿಸ್ಟ್ರಾರ್ ಕಂಪನಿ ತಾನಾಗಿಯೇ ಒಂದು ಎಂಎಕ್ಸ್ ಸಾಲು ಬರೆದಿಟ್ಟಿತ್ತು. ಅದರ ಪಕ್ಕದ ಅಂಕಿ 0. ನಮ್ಮ ಟಪಾಲೆಲ್ಲ ಮೊದಲು ಅಲ್ಲಿಗೆ ಹೋಗಿ ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬೀಳುತ್ತಿತ್ತು. ಆ ಸಾಲು ಅಳಿಸಿದ ಸ್ವಲ್ಪ ಹೊತ್ತಿಗೆ ಮೂರನೆಯ ಮೇಲ್ ಬಂತು. ಹುಡುಗಿ ಕುರ್ಚಿಯಿಂದ ಎದ್ದು ನಿಂತು ‘ಅಪ್ಪಾ, ಬಂತು!’ ಅಂದಳು. ಯಜಮಾನರು ಕನ್ನಡಕ ಹಾಕಿಕೊಂಡು ಬಂದು, ಪರದೆಯ ಮೇಲಿದ್ದ ಗಿರಣಿಯ ಹೆಸರನ್ನು ಒಂದೊಂದೇ ಅಕ್ಷರ ಓದಿದರು. ಅಂಕಿ ಇರಲಿಲ್ಲ.

ಡಿಎನ್‌ಎಸ್ ಸಾಲು ಬದಲಿಸಿದ ತಕ್ಷಣ ಜಗತ್ತಿಗೆಲ್ಲ ಗೊತ್ತಾಗುವುದಿಲ್ಲ. ಪ್ರತಿ ಸಾಲಿಗೂ ಒಂದು ಆಯುಸ್ಸು ಬರೆದಿರುತ್ತದೆ, ಸೆಕೆಂಡುಗಳ ಲೆಕ್ಕದಲ್ಲಿ. 86400 ಅಂದರೆ ಒಂದು ದಿನ. ಅಷ್ಟು ಹೊತ್ತು ಬೇರೆ ಯಂತ್ರಗಳು ಹಳೆಯ ಉತ್ತರವನ್ನೇ ನೆನಪಿಟ್ಟುಕೊಂಡಿರಬಹುದು. ಈಗಾಗಲೇ ಟಪಾಲು ಬರುತ್ತಿರುವ ಡೊಮೇನನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸುವವರು ಎರಡು ದಿನ ಮೊದಲೇ ಆ ಆಯುಸ್ಸನ್ನು 300ಕ್ಕೆ ಇಳಿಸಿದರೆ ಗೊಂದಲ ಐದು ನಿಮಿಷಕ್ಕೆ ಮುಗಿಯುತ್ತದೆ.

ಟಪಾಲು ಬರುವಂತಾದರೆ ಅರ್ಧ ಕೆಲಸವಾದಂತೆ. ಇನ್ನರ್ಧ, ನಾವು ಕಳಿಸಿದ್ದು ಎದುರಿನವರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳದ ಹಾಗೆ ನೋಡಿಕೊಳ್ಳುವುದು. ಹೊಸದಾಗಿ ಡೊಮೇನ್ ಮಾಡಿಕೊಂಡವರು ಎಡವುವುದೇ ಇಲ್ಲಿ. ಇದನ್ನು ನಾನು ಹುಣಸೂರು, ಪಿರಿಯಾಪಟ್ಟಣದ ಕಡೆ ವಿವರಿಸುವುದು ಹೊಗೆಸೊಪ್ಪಿನ ಹರಾಜಿನ ಮೂಲಕ. ಕಟ್ಟೆಮಳಲವಾಡಿಯಲ್ಲಾಗಲಿ, ಚಿಲ್ಕುಂದದಲ್ಲಾಗಲಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಬೇಲು ಬಂದರೆ ಮೊದಲ ಪ್ರಶ್ನೆ ಕಾರ್ಡು ಯಾರದ್ದು ಅಂತ. ಕಾರ್ಡುದಾರರ ಪಟ್ಟಿ ಮಂಡಳಿಯಲ್ಲಿದೆ, ಬೇಲಿನ ಮೇಲೆ ಗುರುತಿನ ಚೀಟಿ ಇದೆ, ಎರಡೂ ತಾಳೆಯಾಗದ ಬೇಲಿನ ಬಗ್ಗೆ ಏನು ಮಾಡಬೇಕೆಂಬ ನಿಯಮವೂ ಇದೆ. ಇಮೇಲಿನಲ್ಲೂ ಇವೇ ಮೂರು. ನನ್ನ ಹೆಸರಿನಲ್ಲಿ ಟಪಾಲು ಕಳಿಸಲು ಯಾವ ಯಂತ್ರಗಳಿಗೆ ಅನುಮತಿ ಇದೆ ಎಂಬ ಪಟ್ಟಿ ಎಸ್‌ಪಿಎಫ್. ಪ್ರತಿ ಪತ್ರದ ಮೇಲೂ ಹಾಕುವ, ದಾರಿಯಲ್ಲಿ ತಿದ್ದಿದರೆ ಸಿಕ್ಕಿಬೀಳುವ ಮೊಹರು ಡಿಕೆಐಎಂ. ತಾಳೆಯಾಗದ ಪತ್ರವನ್ನು ಒಳಗೆ ಬಿಡಬೇಕೋ, ಪಕ್ಕಕ್ಕಿಡಬೇಕೋ, ವಾಪಸ್ ಕಳಿಸಬೇಕೋ ಎಂದು ಎದುರಿನವರಿಗೆ ನಾವು ಹೇಳುವ ಮಾತು ಡಿಮಾರ್ಕ್.

ಮೂರೂ ಡಿಎನ್‌ಎಸ್ ಪುಟದಲ್ಲಿ ಬರೆಯುವ ಸಾಲುಗಳೇ. ಇಮೇಲ್ ಕಂಪನಿ ಅವನ್ನು ಸಿದ್ಧವಾಗಿ ಕೊಡುತ್ತದೆ, ನಾವು ನಕಲು ಮಾಡಿ ಅಂಟಿಸಬೇಕು. ಒಂದು ಎಚ್ಚರಿಕೆ: ಎಸ್‌ಪಿಎಫ್ ಸಾಲು ಒಂದು ಹೆಸರಿಗೆ ಒಂದೇ ಇರಬೇಕು. ಬಿಲ್ ಕಳಿಸುವ ತಂತ್ರಾಂಶದವರು ಇನ್ನೊಂದು ಎಸ್‌ಪಿಎಫ್ ಕೊಟ್ಟರೆ ಅದನ್ನು ಹಳೆಯ ಸಾಲಿನೊಳಗೆ ಸೇರಿಸಬೇಕು. ಬೇರೆಯಾಗಿ ಬರೆದರೆ ಎರಡೂ ಕೆಡುತ್ತವೆ. ಡಿಮಾರ್ಕನ್ನು ಮೊದಲ ತಿಂಗಳು ಬರೀ ಗಮನಿಸುವ ಮಟ್ಟದಲ್ಲಿಟ್ಟು, ನಮ್ಮದೇ ಪತ್ರಗಳು ಸಲೀಸಾಗಿ ಹೋಗುತ್ತಿವೆ ಎಂದು ಖಾತ್ರಿಯಾದ ಮೇಲೆ ಬಿಗಿ ಮಾಡಬೇಕು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ, ರಾಶಿಗಟ್ಟಲೆ ಪತ್ರ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ; ಜಿಮೇಲಿನ ಲೆಕ್ಕದಲ್ಲಿ ದಿನಕ್ಕೆ 5000 ದಾಟಿದವರಿಗೆ. ನಮ್ಮ ಗಿರಣಿ ದಿನಕ್ಕೆ ಐದು ಕಳಿಸಿದರೆ ಹೆಚ್ಚು. ಆದರೂ ಮೂರನ್ನೂ ಬರೆದೆವು.

ಹೆಸರಿನ ಕಾಗುಣಿತ

ಹೆಸರು ಆರಿಸುವ ಕೆಲಸಕ್ಕೆ ಅರ್ಧ ಗಂಟೆ ಸಾಕು ಅಂತ ಬಹಳ ಜನ ತಿಳಿಯುತ್ತಾರೆ. ಗಿರಣಿಯಲ್ಲಿ ನಮಗೆ ನಾಲ್ಕು ದಿನ ಹಿಡಿಯಿತು. ನಮ್ಮ ಭಾಗದ ಊರುಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುವುದೇ ಇದಕ್ಕೆ ಕಾರಣ. ಹುಣಸೂರಿನಲ್ಲಿ ‘ಣ’ ಆದ ಮೇಲೆ ಒಂದು ‘ಎ’ ಹಾಕುವವರಿದ್ದಾರೆ, ಹಾಕದವರಿದ್ದಾರೆ. ಕೊನೆಗೆ ‘ಯು’ ಸೇರಿಸುವವರೂ ಇದ್ದಾರೆ. ಪಿರಿಯಾಪಟ್ಟಣ ಕಾಗದಗಳಲ್ಲಿ ಪೆರಿಯಾಪಟ್ನ ಆಗುತ್ತದೆ, ಬಾಯಲ್ಲಿ ಪಿರಿಯಾಪಟ್ಣ. ಹೆಗ್ಗಡದೇವನಕೋಟೆಯನ್ನು ಪೂರ್ತಿ ಬರೆಯುವ ತಾಳ್ಮೆ ಯಾರಿಗೂ ಇಲ್ಲ. 2014ರ ರಾಜ್ಯೋತ್ಸವದಂದು ಮೈಸೂರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಅದಕ್ಕೂ ಮೊದಲು ಹಳೆಯ ಕಾಗುಣಿತದಲ್ಲಿ ಹೆಸರು ನೋಂದಾಯಿಸಿಕೊಂಡವರು ಈಗಲೂ ಅದನ್ನೇ ಸಾಗಿಸಬೇಕು. ‘ಲ’ಕ್ಕೂ ‘ಳ’ಕ್ಕೂ, ‘ನ’ಕ್ಕೂ ‘ಣ’ಕ್ಕೂ ಆ ಲಿಪಿಯಲ್ಲಿ ವ್ಯತ್ಯಾಸವೇ ಇಲ್ಲ.

ಅಂಚೆಯಲ್ಲಿ ಕಾಗುಣಿತ ತಪ್ಪಿದರೂ ಪೋಸ್ಟ್‌ಮ್ಯಾನ್ ಊಹಿಸಿಕೊಂಡು ತಂದುಕೊಡುತ್ತಾನೆ. ಮೈಸೂರು ಜಿಲ್ಲೆಯ ಸಾಲಿಗ್ರಾಮವೋ ಉಡುಪಿ ಕಡೆಯ ಸಾಲಿಗ್ರಾಮವೋ ಎಂಬುದನ್ನು ಪಿನ್‌ಕೋಡ್ ಹೇಳುತ್ತದೆ. ಡಿಎನ್‌ಎಸ್ ಊಹಿಸುವುದಿಲ್ಲ. ಒಂದಕ್ಷರ ತಪ್ಪಿದರೆ ಪತ್ರ ಬೇರೆಯವರ ಮನೆಗೆ, ಇಲ್ಲವೇ ವಾಪಸ್. ಅದಕ್ಕೇ ನಾನು ಪ್ರತಿಯೊಬ್ಬರಿಗೂ ಒಂದು ಪರೀಕ್ಷೆ ಮಾಡಿಸುತ್ತೇನೆ: ಆರಿಸಿದ ಹೆಸರನ್ನು ಫೋನಿನಲ್ಲಿ ಮೂವರಿಗೆ ಹೇಳಿ, ಬರೆದು ವಾಟ್ಸ್‌ಆಪಿನಲ್ಲಿ ಕಳಿಸಲು ಹೇಳಿ. ಮೂವರೂ ಒಂದೇ ಥರ ಬರೆದರೆ ಕೊಳ್ಳಿ. ಗಿರಣಿಯವರ ಮೊದಲ ಆಯ್ಕೆಯನ್ನು ಮೂವರು ಮೂರು ಥರ ಬರೆದಿದ್ದರು. ಹೆಸರು ಚಿಕ್ಕದಾದಷ್ಟೂ ಈ ಪರೀಕ್ಷೆ ಸುಲಭ. ಸರಗೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಿಂದ ಕೆಲಸ ಮಾಡುತ್ತಿರುವ ಸಂಸ್ಥೆ. ಅಷ್ಟುದ್ದದ ಹೆಸರಿಗೆ ಅವರ ಡೊಮೇನಿನಲ್ಲಿರುವುದು ಎಸ್, ವಿ, ವೈ, ಎಂ ಎಂಬ ನಾಲ್ಕೇ ಅಕ್ಷರ. ಫೋನಿನಲ್ಲಿ ಹೇಳಿದರೆ ತಪ್ಪುವ ಮಾತೇ ಇಲ್ಲ.

ಕನ್ನಡದಲ್ಲೇ ಯಾಕಿರಬಾರದು ಎಂದು ಕೇಳುವವರಿಗೆ ನನ್ನ ಮನಸ್ಸು ಪೂರ್ತಿ ಸೋಲುತ್ತದೆ. ‘.ಭಾರತ’ ಎಂಬ ಕೊನೆಯಿರುವ ಡೊಮೇನ್ ಕನ್ನಡ ಲಿಪಿಯಲ್ಲೇ ಸಿಗುತ್ತದೆ. ‘@’ ಗುರುತಿನ ಎಡಬಲ ಎರಡೂ ಕಡೆ ಕನ್ನಡವಿರುವ ಇಮೇಲಿಗೆ ಬೇಕಾದ ನಿಯಮಗಳು 2012ರಲ್ಲೇ ಸಿದ್ಧವಾದವು, 2014ರಿಂದ ಜಿಮೇಲ್ ಅಂಥ ವಿಳಾಸಗಳ ಜೊತೆ ಪತ್ರ ವ್ಯವಹಾರ ಮಾಡುತ್ತದೆ. ‘ಳ’ವನ್ನು ‘ಳ’ ಎಂದೇ ಬರೆಯುವ ಸುಖ ಅದರಲ್ಲಿದೆ. ತೊಂದರೆ ಇರುವುದು ಅರ್ಜಿ ನಮೂನೆಗಳಲ್ಲಿ. ಎಷ್ಟೋ ವೆಬ್‌ಸೈಟುಗಳು ಕನ್ನಡ ವಿಳಾಸ ಕಂಡರೆ ‘ಇದು ಸರಿಯಾದ ಇಮೇಲ್ ಅಲ್ಲ’ ಎನ್ನುತ್ತವೆ. ಆದ್ದರಿಂದ ಸದ್ಯಕ್ಕೆ ‘.ಇನ್’ ಮುಖ್ಯ ವಿಳಾಸವಾಗಿರಲಿ, ಕನ್ನಡದ ಹೆಸರನ್ನೂ ಕೊಂಡು ಅದೇ ಪೆಟ್ಟಿಗೆಗೆ ತಿರುಗಿಸಿಟ್ಟುಕೊಳ್ಳಿ ಎನ್ನುತ್ತೇನೆ. ಕೇಳುವವರು ಹೆಚ್ಚಾದರೆ ಆ ನಮೂನೆಗಳೂ ತಿದ್ದಿಕೊಳ್ಳುತ್ತವೆ.

ಗುತ್ತಿಗೆಯ ದಿನಾಂಕ

ಇಲ್ಲಿಯವರೆಗೆ ಡೊಮೇನ್ ಕೊಳ್ಳುವುದು ಎಂದೆ. ನಿಜವಾಗಿ ಅದು ಗುತ್ತಿಗೆ. ಒಂದು ವರ್ಷಕ್ಕೆ, ಹೆಚ್ಚೆಂದರೆ ಹತ್ತು ವರ್ಷಕ್ಕೆ. ದುಡ್ಡು ಕಟ್ಟುತ್ತಾ ಹೋದರೆ ಎಷ್ಟು ಕಾಲವಾದರೂ ನಮ್ಮದೇ. ಮರೆತರೆ ಕೆಲವು ವಾರಗಳ ಅವಕಾಶ ಮುಗಿದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಆಗ ನಮ್ಮ ಬ್ಯಾಂಕಿನ ಪತ್ರ, ಓಟಿಪಿ, ಗ್ರಾಹಕರ ಆರ್ಡರು ಎಲ್ಲ ಅವರ ಪೆಟ್ಟಿಗೆಗೆ. ಮರೆಯುವವರಿಗೆ ಉಚಿತ ಇಮೇಲಿಗಿಂತ ಸ್ವಂತ ಡೊಮೇನೇ ಅಪಾಯ, ಇದನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ದೊಡ್ಡವರೂ ಮರೆತಿದ್ದಾರೆ. 1999ರ ಕ್ರಿಸ್‌ಮಸ್ ಹೊತ್ತಿನಲ್ಲಿ ಹಾಟ್‌ಮೇಲಿಗೆ ಲಾಗಿನ್ ಆಗಲು ಬಹಳ ಜನಕ್ಕೆ ಸಾಧ್ಯವಾಗಲಿಲ್ಲ. ಲಾಗಿನ್ ನಡೆಯುತ್ತಿದ್ದದ್ದು ಪಾಸ್‌ಪೋರ್ಟ್.ಕಾಮ್ ಎಂಬ ಹೆಸರಿನ ಮೂಲಕ, ಅದರ ನವೀಕರಣದ 35 ಡಾಲರ್ ಕಟ್ಟಲು ಮೈಕ್ರೋಸಾಫ್ಟ್ ಮರೆತಿತ್ತು. ಮೈಕಲ್ ಚೇನಿ ಎಂಬ ಪ್ರೋಗ್ರಾಮರ್ ಅದನ್ನು ಗಮನಿಸಿ ತಮ್ಮ ಕಾರ್ಡಿನಿಂದ ದುಡ್ಡು ಕಟ್ಟಿದರು, ಸೇವೆ ಮರಳಿತು. ನಮ್ಮ ಗಿರಣಿಗೆ ಅಂಥ ಪುಣ್ಯಾತ್ಮರು ಸಿಗುತ್ತಾರೆಂಬ ಭರವಸೆ ಇಲ್ಲ. ಹಾಗಾಗಿ ಯಜಮಾನರು ಐದು ವರ್ಷದ್ದು ಒಟ್ಟಿಗೇ ಕಟ್ಟಿದರು. ಮುಗಿಯುವ ದಿನಾಂಕವನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ, ಲಾರಿ ಇನ್ಶೂರೆನ್ಸಿನ ದಿನಾಂಕದ ಕೆಳಗೆ, ಚೀಟಿಯಲ್ಲಿ ಬರೆದು ಅಂಟಿಸಿದರು. ಕೊಳ್ಳುವಾಗ ಮೊದಲ ವರ್ಷದ ಬೆಲೆಯ ಪಕ್ಕದಲ್ಲಿ ನವೀಕರಣದ ಬೆಲೆಯನ್ನೂ ಓದಬೇಕು. ಮೊದಲ ವರ್ಷ ಅಗ್ಗ ಮಾಡಿ ಆಮೇಲೆ ಏರಿಸುವ ರೂಢಿ ಇದೆ.

ಇನ್ನೊಂದು ಸೂಕ್ಷ್ಮ. ರಿಜಿಸ್ಟ್ರಾರ್ ಕಂಪನಿಯ ಖಾತೆಗೆ ಕೊಡುವ ಇಮೇಲ್ ಆ ಹೊಸ ಡೊಮೇನಿನದೇ ಆಗಿರಬಾರದು. ಡೊಮೇನ್ ನಿಂತರೆ ಎಚ್ಚರಿಕೆಯ ಪತ್ರವೂ ನಿಲ್ಲುತ್ತದೆ; ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಮುಚ್ಚಿದ ಹಾಗೆ. ಅಲ್ಲಿಗೆ ಆ ಹಳೆಯ ಉಚಿತ ವಿಳಾಸವೇ ಇರಲಿ.

ಹಾಗಾದರೆ ಎಲ್ಲರೂ ಬದಲಾಯಿಸಬೇಕೇ? ವರ್ಷಕ್ಕೆ ನಾಲ್ಕು ಪತ್ರ ಬರುವ ಮನೆಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಅವರು ತಮ್ಮ ಉಚಿತ ಖಾತೆಗೆ ತಮ್ಮದೇ ಮೊಬೈಲ್ ನಂಬರು ಸೇರಿದೆಯೇ ಎಂದು ಇವತ್ತೇ ನೋಡಿಕೊಂಡರೆ ಸಾಕು. ಬೋರ್ಡು ಬರೆಸಿರುವವರು, ಕಾಡಂಚಿನ ಹೋಂಸ್ಟೇಯವರು, ರೈತ ಉತ್ಪಾದಕರ ಕಂಪನಿಗಳು, ಸಹಕಾರ ಸಂಘಗಳು ತಡಮಾಡಬಾರದು. ಸಂಘದಲ್ಲಿ ಕಾರ್ಯದರ್ಶಿ ಬದಲಾದಾಗ ಇಮೇಲ್ ಹಳೆಯ ಕಾರ್ಯದರ್ಶಿಯ ಫೋನಿನಲ್ಲೇ ಉಳಿದುಹೋಗುವುದು ನಾನು ಮತ್ತೆ ಮತ್ತೆ ಕಂಡ ಸಂಕಟ. ಬ್ಯಾಂಕುಗಳಿಗಂತೂ ರಿಸರ್ವ್ ಬ್ಯಾಂಕ್ 2025ರಲ್ಲಿ ಅಪ್ಪಣೆಯನ್ನೇ ಮಾಡಿತು: ಅಕ್ಟೋಬರ್ 31ರೊಳಗೆ ಎಲ್ಲರೂ ‘ಬ್ಯಾಂಕ್.ಇನ್’ ಎಂದು ಕೊನೆಯಾಗುವ ಹೆಸರಿಗೆ ಬರಬೇಕು ಅಂತ. ಆ ಹೆಸರನ್ನು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಬ್ಯಾಂಕುಗಳಿಗೆ ಮಾತ್ರ ಕೊಡುತ್ತದೆ. ನಿಮ್ಮ ಬ್ಯಾಂಕಿನ ಹೆಸರಿನಲ್ಲಿ ಬಂದ ಇಮೇಲಿನ ಬಾಲ ನೋಡುವ ಅಭ್ಯಾಸ ಇದರಿಂದ ಸುಲಭವಾಯಿತು.

ಗಿರಣಿಯಲ್ಲಿ ಭಾನುವಾರದ ಕೆಲಸ ಎರಡು ಗಂಟೆಯಲ್ಲಿ ಮುಗಿದರೂ ಸ್ಥಳಾಂತರ ಮುಗಿಯಲು ತಿಂಗಳುಗಳು ಬೇಕಾದವು. ಹಳೆಯ ಮೇಲುಗಳನ್ನೆಲ್ಲ ಹೊಸ ಪೆಟ್ಟಿಗೆಗೆ ನಕಲು ಮಾಡಲು ರಾತ್ರಿಯಿಡೀ ಕಂಪ್ಯೂಟರ್ ಓಡಿತು. ಹಳೆಯ ಖಾತೆಯನ್ನು ಅಳಿಸಲಿಲ್ಲ. ಯಜಮಾನರ ಫೋನಿನ ನಂಬರುಗಳು, ಫೋಟೋಗಳು ಅದಕ್ಕೇ ಅಂಟಿಕೊಂಡಿದ್ದವು. ಅಲ್ಲಿಗೆ ಬಂದದ್ದೆಲ್ಲ ಹೊಸದಕ್ಕೆ ತಾನಾಗಿ ಬರುವಂತೆ ಮಾಡಿದೆವು. ಹುಡುಗಿ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಹಳೆಯ ವಿಳಾಸ ಎಲ್ಲೆಲ್ಲಿ ಕೊಟ್ಟಿದೆ ಎಂದು ಬರೆಯುತ್ತಾ ಹೋದಳು. ಬ್ಯಾಂಕು, ಜಿಎಸ್‌ಟಿ, ಉದ್ಯಮ್ ನೋಂದಣಿ, ಆಹಾರ ಪರವಾನಗಿ, ಚೆಸ್ಕಾಂ, ಲಾರಿ ಇನ್ಶೂರೆನ್ಸು. ಜಿಎಸ್‌ಟಿಯಲ್ಲಿ ಇಮೇಲ್ ಬದಲಿಸಲು ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ, ಓಟಿಪಿ ಹಾಕಿದರೆ ಆಯಿತು. ಆಹಾರ ಪರವಾನಗಿಯದ್ದು ಸ್ವಲ್ಪ ಓಡಾಡಿಸಿತು. ಮುಗಿದದ್ದಕ್ಕೆ ಕೆಂಪು ಪೆನ್ನಿನಲ್ಲಿ ಗೀಟು. ಮೂವತ್ತೊಂದು ಸಾಲು ಬಂದವು. ನಾಲ್ಕೈದು ಇರಬಹುದು ಅಂತ ಯಜಮಾನರು ಮೊದಲು ಹೇಳಿದ್ದರು.

ಕೊನೆಗೆ ಉಳಿದದ್ದು ಚೀಲ. ಅಕ್ಕಿ ತುಂಬುವ ಇಪ್ಪತ್ತೈದು ಕೆಜಿ ಚೀಲದ ಮೇಲೆ ಹಳೆಯ ವಿಳಾಸ ಅಚ್ಚಾಗಿತ್ತು, ಅಂಕಿ ಸಮೇತ. ಅಂಥ ಚೀಲಗಳ ಕಟ್ಟುಗಳು ಗೋದಾಮಿನ ಮೂಲೆಯಲ್ಲಿ ಸೂರಿನವರೆಗೂ ಇದ್ದವು.

‘ಎಲ್ಲಾನೂ ಬಿಸಾಕಕ್ಕಾಯ್ತದಾ ಮೇಷ್ಟ್ರೇ?’

ಬೇಡ ಅಂದೆ. ಹೊಸ ಚೀಲಕ್ಕೆ ಆರ್ಡರ್ ಕೊಡುವಾಗ ಹೊಸ ವಿಳಾಸ ಹಾಕಿಸಿ, ಇವು ಖರ್ಚಾಗಲಿ. ಮೊನ್ನೆ ಹೋದಾಗ ಆ ಕಟ್ಟುಗಳು ನನ್ನ ಸೊಂಟದ ಮಟ್ಟಕ್ಕೆ ಇಳಿದಿದ್ದವು. ವಯನಾಡಿನ ಒಬ್ಬ ವ್ಯಾಪಾರಿ ಈಗಲೂ ಚೀಲ ನೋಡಿಕೊಂಡೇ ಆರ್ಡರ್ ಬರೆಯುತ್ತಾರಂತೆ. ಅವರ ಮೇಲ್ ಹಳೆಯ ಪೆಟ್ಟಿಗೆಗೆ ಬಂದು, ಅಲ್ಲಿಂದ ಹೊಸದಕ್ಕೆ ಬೀಳುತ್ತದೆ. ಹುಡುಗಿ ಹೊಸ ವಿಳಾಸದಿಂದ ಉತ್ತರ ಬರೆಯುತ್ತಾಳೆ.